ಎನ್‌ಎಫ್‌ಎಲ್ ಓವರ್‌ಟೈಮ್ ನಿಯಮ ಈಗಲಾದರೂ ಸರಿ ಇದೆಯಾ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): 2022ರ ಜನವರಿಯಲ್ಲಿ ಒಂದು ಸೋಮವಾರ ಬೆಳಗಿನ ಐದಕ್ಕೇ ಎದ್ದು ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಬಫಲೋ–ಕಾನ್ಸಾಸ್ ಸಿಟಿ ಪ್ಲೇಆಫ್ ಪಂದ್ಯ ನೋಡಿದ್ದೆ. ಚಹಾ ಎರಡು ಸಲ ಆರಿತ್ತು. 36–36 ಟೈ, ಹಾಗಾಗಿ ಓವರ್‌ಟೈಮ್, ಅಂದರೆ ಹೆಚ್ಚುವರಿ ಆಟ. ಕಾನ್ಸಾಸ್ ಸಿಟಿ ಟಾಸ್ ಗೆದ್ದಿತು, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಆರು ಪಾಯಿಂಟ್) ಹೊಡೆಯಿತು, ಆಗಿನ ನಿಯಮದಂತೆ ಆಟ ಅಲ್ಲಿಗೇ ಮುಗೀತು! ಬಫಲೋದ ಮುಖ್ಯ ಆಟಗಾರ ಜೋಶ್ ಅಲೆನ್ ಕೈಗೆ ಚೆಂಡೇ ಬರಲಿಲ್ಲ. ಆಮೇಲೆ ಪ್ಲೇಆಫ್‌ನಲ್ಲಿ ಇಬ್ಬರಿಗೂ ಚೆಂಡು ಹಿಡಿದು ಆಡುವ ಒಂದೊಂದು ಸರದಿ ಅಂದರು. 2025ರಿಂದ ಲೀಗ್ ಪಂದ್ಯಗಳಿಗೂ ಅದೇ. ಸಾಕಾ ಇಷ್ಟು?

ಗದಗದಿಂದ: ಸಾಕು. ಕಬಡ್ಡಿ ಟೈಬ್ರೇಕರ್‌ನಲ್ಲೂ ಎರಡೂ ಕಡೆ ಐದೈದು ರೇಡ್ ಅಲ್ವಾ?

ಧಾರವಾಡದಿಂದ: ಅಷ್ಟು ಸಲೀಸಲ್ಲ. ಎರಡನೆಯವರಿಗೆ ಎಷ್ಟು ಬೇಕು ಅಂತ ಮೊದಲೇ ಗೊತ್ತಿರುತ್ತದೆ. 2024ರ ಸೂಪರ್ ಬೌಲ್‌ನ (ಲೀಗ್‌ನ ಫೈನಲ್) ಓವರ್‌ಟೈಮ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಾಸ್ ಗೆದ್ದು ಮೊದಲು ಆಡಿ ಮೂರೇ ಪಾಯಿಂಟ್ ತಂದಿತು. ಕಾನ್ಸಾಸ್ ಸಿಟಿ ಟಚ್‌ಡೌನ್ ಹೊಡೆದು 25–22ಕ್ಕೆ ಮುಗಿಸಿತು.

ಮತ್ತೆ ನಾನೇ, ವಿದ್ಯಾನಗರ: ಆದರೆ ಇಬ್ಬರೂ ಸಮ ಆದರೆ ಮೂರನೇ ಸರದಿ ಮೊದಲಿನವರಿಗೇ, ಆಗ ಒಂದು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಪಾಯಿಂಟ್) ಸಾಕು. ಅದನ್ನು ನಂಬಿಯೇ ಸ್ಯಾನ್ ಫ್ರಾನ್ಸಿಸ್ಕೊದವರು ಮೊದಲು ಆಡಿದ್ದು. ನನ್ನ ತಕರಾರು ಲೀಗ್ ಪಂದ್ಯದ ಓವರ್‌ಟೈಮ್‌ಗಿರುವ ಹತ್ತು ನಿಮಿಷದ ಮೇಲೆ. ಮೊದಲ ತಂಡವೇ ಏಳೆಂಟು ನಿಮಿಷ ತಿಂದರೆ ಇನ್ನೊಬ್ಬರಿಗೆ ಉಳಿಯುವುದೇನು? ಹದಿನೈದು ಮಾಡಲಿ. ನನ್ನ ಹೆಂಡತಿ ಮಾತ್ರ ಒಪ್ಪುವುದಿಲ್ಲ, ಸೋಮವಾರ ಮಕ್ಕಳ ಡಬ್ಬಿ ಕಟ್ಟುವುದು ನನ್ನ ಪಾಳಿ.