ಕೋಲ್ಟ್ ಪೈಥಾನ್: 2020ರ ಮಾದರಿಯನ್ನು ಕೊಳ್ಳಲೇ, ಹಳೆಯದನ್ನೇ ಹುಡುಕಲೇ?

ಕೇಳಿಕೆ:

ಎಂಟು ವರ್ಷಗಳಿಂದ ಟೆಕ್ಸಸ್‌ನಲ್ಲಿದ್ದೇನೆ. ವಾರಾಂತ್ಯದಲ್ಲಿ ರೇಂಜಿಗೆ ಹೋಗಿ ಕಾಗದದ ಗುರಿಗೆ ಹೊಡೆಯುವುದು ನನ್ನ ಹವ್ಯಾಸ. ಕೋಲ್ಟ್ ಕಂಪನಿ 2020ರಲ್ಲಿ ಮತ್ತೆ ಹೊರತಂದ ಸ್ಟೇನ್‌ಲೆಸ್ ಉಕ್ಕಿನ ಪೈಥಾನ್ ರಿವಾಲ್ವರ್ ಇಲ್ಲಿನ ಅಂಗಡಿಯಲ್ಲಿದೆ. ಪರಿಚಿತರೊಬ್ಬರು ತಮ್ಮ 1970ರ ದಶಕದ ನೀಲಿ ಪೈಥಾನನ್ನು ಮಾರುತ್ತಿದ್ದಾರೆ, ಆದರೆ ಹೊಸದರ ಎರಡರಷ್ಟು ಬೆಲೆ ಹೇಳುತ್ತಿದ್ದಾರೆ. ಎರಡನ್ನೂ ಬಳಸಿದವರು ದಯವಿಟ್ಟು ಅನುಭವ ತಿಳಿಸಬೇಕು.

ಒಹಾಯೊದಿಂದ ಒಬ್ಬರು:

ನನ್ನ ಬಳಿ ಎರಡೂ ಇವೆ: 1978ರ ಆರು ಇಂಚಿನ ಬ್ಯಾರೆಲಿನದು ಮತ್ತು ಹೊಸದಾಗಿ ಕೊಂಡ 4.25 ಇಂಚಿನದು. ಪಕ್ಕಪಕ್ಕದಲ್ಲಿ ಇಟ್ಟಾಗ ಮೊದಲು ಕಣ್ಣಿಗೆ ಬೀಳುವುದು ಹಳೆಯದರ ಮೆರುಗು. ಆ ರಾಯಲ್ ಬ್ಲೂ ಮೆರುಗು ಮೇಲೆ ಬಳಿದ ಬಣ್ಣವಲ್ಲ. ಉಕ್ಕನ್ನು ಕನ್ನಡಿಯಾಗುವವರೆಗೆ ಉಜ್ಜಿ, ಆಮೇಲೆ ಮಾಡಿದ ಬ್ಲೂಯಿಂಗ್, ಅಂದರೆ ರಾಸಾಯನಿಕದಿಂದ ಉಕ್ಕಿನ ಮೇಲ್ಮೈಯನ್ನೇ ನೀಲಿಗಪ್ಪಾಗಿಸುವುದು. ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಬೆಳಕಿನ ಗೆರೆ ಎಲ್ಲಿಯೂ ನಡುಗದೆ ಅಂಚಿನವರೆಗೆ ನೇರವಾಗಿ ಹರಿಯುತ್ತದೆ. ಹೊಸ ಸ್ಟೇನ್‌ಲೆಸ್ ಕೂಡ ಅಂದವಾಗಿಯೇ ಇದೆ, ಆದರೆ ಅದನ್ನು ನೋಡುತ್ತಾ ಕುಳಿತುಕೊಳ್ಳಬೇಕೆಂದು ನನಗೆ ಅನ್ನಿಸಿಲ್ಲ.

ಟ್ರಿಗರ್ ಎಳೆದಾಗ ಮಾತು ಬೇರೆಯಾಗುತ್ತದೆ. ಟ್ರಿಗರ್ ಒಂದನ್ನೇ ಎಳೆದು ಹೊಡೆಯುವ ಡಬಲ್ ಆಕ್ಷನ್‌ನಲ್ಲಿ ಹಳೆಯದರ ಎಳೆತ ಹಗುರವಾಗಿ ಆರಂಭವಾಗಿ, ಗುಂಡು ಹಾರುವ ಹಂತಕ್ಕೆ ಬಂದಂತೆ ಭಾರವಾಗುತ್ತದೆ. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. ಭಾರ ಬಂದಲ್ಲಿ ಅರೆಕ್ಷಣ ತಡೆದು, ಗುರಿಯನ್ನು ಸರಿಪಡಿಸಿಕೊಂಡು ಹೊಡೆಯುವವರಿಗೆ ಅದೇ ರೂಢಿಯಾಗಿರುತ್ತದೆ. ಹೊಸದರಲ್ಲಿ ಸ್ಪ್ರಿಂಗಿನ ವಿನ್ಯಾಸವೇ ಬದಲಾಗಿರುವುದರಿಂದ ಎಳೆತ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಅಭಿಮಾನಿಗಳು ಬೇಸರ ಮಾಡಿಕೊಳ್ಳಬಾರದು, ನನ್ನ ಗುಂಡುಗಳು ಹೊಸದರಲ್ಲಿಯೇ ಹೆಚ್ಚು ಒತ್ತಾಗಿ ಬೀಳುತ್ತವೆ.

ಒಳಗಿನ ಕಥೆ ಇನ್ನೂ ಮುಖ್ಯವಾದದ್ದು. 1955ರಲ್ಲಿ ಬಂದ ಮೂಲ ಪೈಥಾನ್‌ನ ಬಿಡಿಭಾಗಗಳನ್ನು ಕುಶಲ ಕೆಲಸಗಾರರು ಒಂದೊಂದಾಗಿ ಅರದಿಂದ ಉಜ್ಜಿ ಕೂಡಿಸುತ್ತಿದ್ದರು. ಗುಂಡು ಹಾರುವ ಕ್ಷಣದಲ್ಲಿ, ಗುಂಡು ತುಂಬುವ ಕೋಣೆಗಳಿರುವ ಸಿಲಿಂಡರ್ ಕೂದಲೆಳೆಯಷ್ಟೂ ಅಲುಗದಂತೆ ಬಿಗಿಯಾಗಿ ನಿಲ್ಲುವುದು ಆ ಕೈಕೆಲಸದಿಂದಲೇ. ಆದರೆ ಆ ಬಿಗಿತದ ಒತ್ತಡವನ್ನೆಲ್ಲ ಸಿಲಿಂಡರನ್ನು ತಿರುಗಿಸುವ ಸಣ್ಣ ಭಾಗವೇ ಹೊರುವುದರಿಂದ, ತುಂಬಾ ಹೊಡೆದ ಬಂದೂಕಿನಲ್ಲಿ ಅದು ಸವೆದು ಟೈಮಿಂಗ್ (ಸರಿಯಾದ ಹೊತ್ತಿಗೆ ಕೋಣೆ ಬ್ಯಾರೆಲಿಗೆ ನೇರವಾಗಿ ನಿಲ್ಲುವುದು) ತಪ್ಪುತ್ತದೆ, ಮತ್ತು ಅದನ್ನು ಸರಿಪಡಿಸಬಲ್ಲ ಗನ್‌ಸ್ಮಿತ್‌ಗಳು ಈಗ ವಿರಳ. 2020ರ ಮಾದರಿಯಲ್ಲಿ ಹದಿನಾಲ್ಕು ಭಾಗಗಳನ್ನು ಕಡಿಮೆ ಮಾಡಿ, ಗುರಿ ನೋಡುವ ಹಿಂಬದಿಯ ಸೈಟಿನ ಕೆಳಗೆ ಶೇಕಡಾ 30ರಷ್ಟು ಹೆಚ್ಚು ಲೋಹ ಕೊಟ್ಟಿದ್ದಾರೆ. ಮುಂದಿನ ಸೈಟನ್ನು ಒಂದು ಸ್ಕ್ರೂ ಸಡಿಲಿಸಿ ನಾವೇ ಬದಲಾಯಿಸಬಹುದು. ಮೊದಮೊದಲು ಬಂದವುಗಳಲ್ಲಿ ಕೆಲವು ಬಾರಿ ಸಿಲಿಂಡರ್ ತಿರುಗದ ದೂರುಗಳು ಕೇಳಿಬಂದಿದ್ದವು, ಆದ್ದರಿಂದ ಆ ವರ್ಷದ್ದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಹೊಡೆದು ನೋಡಿಯೇ ಕೊಳ್ಳಿ. ತಿಂಗಳಿಗೆ ಇನ್ನೂರು ಮುನ್ನೂರು ಗುಂಡು ಹೊಡೆಯುವವರು ನೀವಾದರೆ ನನ್ನ ಮತ ಹೊಸದಕ್ಕೆ.

ಅರಿಜೋನಾದಿಂದ ಇನ್ನೊಬ್ಬರು:

ಹಳೆಯದಕ್ಕೆ ಮನಸ್ಸಾಗಿದ್ದರೆ ನನ್ನಂತೆ ಮೋಸಹೋಗಬೇಡಿ. ಒಂದು ಗನ್ ಶೋದಲ್ಲಿ ಮೂಲ ಬ್ಲೂಯಿಂಗ್ ಎಂದು ನಂಬಿ ಕೊಂಡಿದ್ದು, ಮನೆಗೆ ತಂದು ಭೂತಗನ್ನಡಿ ಹಿಡಿದಾಗ ಮತ್ತೆ ಪಾಲಿಶ್ ಮಾಡಿದ್ದೆಂದು ಗೊತ್ತಾಯಿತು: ಬ್ಯಾರೆಲ್ ಮೇಲಿನ ಅಕ್ಷರಗಳ ಅಂಚು ಸವೆದು ದುಂಡಗಾಗಿತ್ತು, ಸ್ಕ್ರೂ ರಂಧ್ರಗಳ ಬಾಯಿ ತಗ್ಗಿ ತಟ್ಟೆಯಂತಾಗಿತ್ತು. ಸಂಗ್ರಹಕಾರರು ಇದಕ್ಕೆ ಅರ್ಧ ಬೆಲೆಯನ್ನೂ ಕೊಡಲೊಪ್ಪಲಿಲ್ಲ.

ಟೈಮಿಂಗ್ ನೋಡಲು, ಖಾಲಿ ಇದೆಯೆಂದು ಎರಡು ಸಲ ಖಚಿತಪಡಿಸಿಕೊಂಡು, ಸಿಲಿಂಡರನ್ನು ಬೆರಳಿನಿಂದ ಹಗುರವಾಗಿ ತಡೆಹಿಡಿದು ಗುಂಡನ್ನು ಸಿಡಿಸಲು ಬಡಿಯುವ ಹಿಂಬದಿಯ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವುದರೊಳಗೆ ಸಿಲಿಂಡರನ್ನು ಹಿಡಿದಿಡುವ ಕೆಳಗಿನ ಬೋಲ್ಟ್ ಟಕ್ ಎಂದು ಸಿಲಿಂಡರಿನ ಕಚ್ಚಿನೊಳಗೆ ಬೀಳಬೇಕು. ಆರೂ ಕೋಣೆಗಳಿಗೆ ಹೀಗೆ ಮಾಡಿ. ಒಂದೇ ಒಂದು ತಡವಾದರೂ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಮಾರುವವರು ಹೀಗೆ ನೋಡಲು ಬಿಡದಿದ್ದರೆ ಅಲ್ಲಿಂದ ಹೊರಡುವುದೇ ಸರಿ.

ಹೂಸ್ಟನ್‌ನಿಂದ, ಮಡಿಕೇರಿ ಮೂಲದವರು:

ನಮ್ಮ ಮನೆಯಲ್ಲಿ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವ ಪದ್ಧತಿ, ಹಾಗಾಗಿ ಹಳೆಯ ಆಯುಧದ ಮೇಲಿನ ಮಮತೆ ನನಗೆ ಅರ್ಥವಾಗುತ್ತದೆ. ಆದರೂ ಒಂದು ಮಾತು: ನೀಲಿ ಉಕ್ಕಿಗೆ ಹೂಸ್ಟನ್ನಿನ ಸೆಕೆ ಆಗದು. ಬೆವರಿದ ಬೆರಳಿನ ಗುರುತನ್ನು ಅಂದೇ ಒರೆಸಿ ಎಣ್ಣೆ ಹಚ್ಚದಿದ್ದರೆ ಅಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ, ಚರ್ಮದ ಚೀಲದಲ್ಲಿ ಇಟ್ಟು ಮರೆತರಂತೂ ಕೇಳುವುದೇ ಬೇಡ. ಇನ್ನೊಂದು, ಖರ್ಚು ಉಳಿಸಲೆಂದು ಪೈಥಾನ್‌ನ .357 ಮ್ಯಾಗ್ನಮ್ ಗುಂಡುಗಳ ಬದಲು, ಅದರಲ್ಲೇ ಹೊಡೆಯಬಹುದಾದ .38 ಸ್ಪೆಷಲ್ ಗುಂಡುಗಳನ್ನೇ ಹೊಡೆಯುತ್ತಿದ್ದರೆ, ಅವು ಗಿಡ್ಡವಾಗಿರುವುದರಿಂದ ಕೋಣೆಯೊಳಗೆ ಮಸಿಯ ಉಂಗುರ ಕಟ್ಟುತ್ತದೆ. ಹಳೆಯದಾಗಲಿ ಹೊಸದಾಗಲಿ, ಬ್ರಷ್ ಹಾಕಿ ಅದನ್ನು ತೆಗೆಯದೆ .357 ತುಂಬಲು ಹೋದರೆ ಗುಂಡು ಅರ್ಧಕ್ಕೇ ನಿಲ್ಲುತ್ತದೆ. ನೀವು ಹೂಸ್ಟನ್ನಿಗೆ ಹತ್ತಿರದಲ್ಲಿದ್ದರೆ ತಿಳಿಸಿ, ನನ್ನ ನಾಲ್ಕಿಂಚಿನ ಹಳೆಯದನ್ನು ರೇಂಜಿಗೆ ತರುತ್ತೇನೆ. ಅಂಗಡಿಗೆ ಹೋಗುವ ಮೊದಲು ಒಂದು ಪೆಟ್ಟಿಗೆ ಗುಂಡು ಹೊಡೆದು ನೋಡಿ.