ಅಡಿಕೆ ಸುಲಿದು ಸುಲಿದು ಅಮ್ಮನ ಬೆರಳಚ್ಚು ಸವೆದಿದೆ, ಮತ್ತೆ ಬರುತ್ತಾ?

ತೋಟದಮನೆ:

ನಮ್ಮದು ತೀರ್ಥಹಳ್ಳಿ ಕಡೆ. ಅಮ್ಮನಿಗೆ 62 ವರ್ಷ. ಕೊನೆಕೊಯ್ಲು ಶುರುವಾಯಿತೆಂದರೆ ಸಂಕ್ರಾಂತಿ ಕಳೆಯುವ ತನಕ ದಿನಾ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ರಾತ್ರಿ ಹತ್ತಾದರೂ ಏಳುವುದಿಲ್ಲ. ಈಗ ಅವರ ಹೆಬ್ಬೆಟ್ಟು, ತೋರುಬೆರಳು ಎರಡೂ ಕಪ್ಪಗಾಗಿ, ನುಣ್ಣಗಾಗಿವೆ. ಬೆಳಕಿಗೆ ಹಿಡಿದು ನೋಡಿದರೂ ಗೆರೆ ಕಾಣುವುದಿಲ್ಲ.

ಮೊನ್ನೆ ರೇಷನ್ ಅಂಗಡಿಗೆ ಅಕ್ಕಿ ತರಲು ಹೋದಾಗ ಯಂತ್ರ ಅವರ ಬೆರಳನ್ನು ಒಪ್ಪಲೇ ಇಲ್ಲ. ಒರೆಸಿ ಒತ್ತಿದರು, ಬಾಯಿಯಿಂದ ಊದಿ ಒತ್ತಿದರು, ಆಗಲಿಲ್ಲ. ಹಿಂದೆ ಜನ ನಿಂತಿದ್ದರು, ಸುಮ್ನೆ ವಾಪಸ್ ಬಂದುಬಿಟ್ಟರು. ಅಕ್ಕಿ ಮರುದಿನ ನಾನು ಹೋಗಿ ತಂದೆ. ಆದರೆ ಅಮ್ಮ "ನನ್ನ ಗುರುತೇ ಅಳಿಸಿ ಹೋಯ್ತೇನೋ" ಅಂತ ಎರಡು ಮೂರು ಸಲ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಗೊತ್ತಿರುವವರು ಹೇಳಿ. ಸವೆದ ಗೆರೆ ಮತ್ತೆ ಬರುತ್ತಾ? ಇನ್ನೊಂದು ವಿಷಯ, ಅವರು ಒಲೆ ಮೇಲಿನ ಬಿಸಿ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸುತ್ತಾರೆ. ಕೈಗೆ ಬಿಸಿ ಗೊತ್ತೇ ಆಗುವುದಿಲ್ಲವಂತೆ. ಇದು ಕೆಲಸ ಮಾಡಿ ಕೈ ಗಟ್ಟಿಯಾಗಿದ್ದಕ್ಕೋ, ಬೇರೆ ಏನಾದರೂ ತೊಂದರೆಯೋ? ಕಪ್ಪು ಹೋಗಲಿ ಅಂತ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ನೀರಲ್ಲಿ ಕೈ ಅದ್ದಿ ನಿಂಬೆಹಣ್ಣು ಉಜ್ಜುತ್ತಾರೆ. ಅದು ಸರಿಯಾ?

ನರ್ಸಿಂಗ್ ಟೀಚರ್:

ಮೊದಲು ಅಮ್ಮನಿಗೆ ಹೇಳಿ, ಅವರ ಗುರುತು ಎಲ್ಲೂ ಹೋಗಿಲ್ಲ. ಅದು ಇರುವ ಜಾಗಕ್ಕೆ ಅಡಿಕೆ ಸಿಪ್ಪೆ ಮುಟ್ಟುವುದೇ ಇಲ್ಲ.

ನಾನು ನರ್ಸಿಂಗ್ ಮಕ್ಕಳಿಗೆ ಶರೀರ ರಚನೆ ಪಾಠ ಮಾಡುತ್ತೇನೆ. ಚರ್ಮದ ಪಾಠ ಬಂದಾಗ ಎಲ್ಲರೂ ಮುಖದ ಬಗ್ಗೆಯೇ ಕೇಳುತ್ತಾರೆ. ಮೊಡವೆ, ಕ್ರೀಮು, ಬಣ್ಣ. ಅಂಗೈ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಇಡೀ ಮೈಯಲ್ಲಿ ಜಾಸ್ತಿ ಇಷ್ಟವಾದ ಚರ್ಮ ಅಂಗೈಯದು. ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಚರ್ಮದಲ್ಲಿ ಮೇಲಿನ ಪದರ ಎಪಿಡರ್ಮಿಸ್, ಅದರ ಕೆಳಗಿನದು ಡರ್ಮಿಸ್, ಅದಕ್ಕೂ ಕೆಳಗೆ ಕೊಬ್ಬು. ಎಪಿಡರ್ಮಿಸ್‌ನಲ್ಲಿ ರಕ್ತನಾಳ ಇಲ್ಲ. ಅದಕ್ಕೆ ಬೇಕಾದ್ದೆಲ್ಲ ಕೆಳಗಿನ ಡರ್ಮಿಸ್‌ನಿಂದಲೇ ಬರಬೇಕು. ಕತ್ತಿ ತಾಗಿ ಬರೀ ತೆಳ್ಳನೆ ಸಿಪ್ಪೆ ಎದ್ದರೆ ರಕ್ತ ಬರುವುದಿಲ್ಲ, ಗಮನಿಸಿರುತ್ತೀರಿ. ರಕ್ತ ಬಂತೆಂದರೆ ಡರ್ಮಿಸ್‌ಗೆ ಪೆಟ್ಟಾಗಿದೆ ಎಂದೇ ಅರ್ಥ.

ಈ ಎರಡು ಪದರ ಸೇರುವ ಜಾಗ ಸಪಾಟಾಗಿಲ್ಲ. ಡರ್ಮಿಸ್‌ನಿಂದ ಸಣ್ಣ ಸಣ್ಣ ಮೊನೆಗಳು ಮೇಲಕ್ಕೆ ಎದ್ದಿರುತ್ತವೆ. ಎಪಿಡರ್ಮಿಸ್ ಅವುಗಳ ಸಂದಿಗೆ ಇಳಿದು ಕಚ್ಚಿಕೊಂಡಿರುತ್ತದೆ. ಹಾಗೆ ಕಚ್ಚಿಕೊಂಡಿರುವುದರಿಂದಲೇ ನಾವು ಏನನ್ನಾದರೂ ಬಿಗಿಯಾಗಿ ಹಿಡಿದು ಎಳೆದಾಗ ಮೇಲಿನ ಚರ್ಮ ಜಾರಿ ಕಿತ್ತು ಬರುವುದಿಲ್ಲ. ಅಂಗೈ, ಅಂಗಾಲಿನಲ್ಲಿ ಈ ಮೊನೆಗಳು ಸಾಲು ಹಿಡಿದು ನಿಂತಿವೆ. ಆ ಸಾಲುಗಳೇ ಹೊರಗೆ ಉಬ್ಬುಗೆರೆಯಾಗಿ ಕಾಣುತ್ತವೆ. ತಾಯಿಯ ಹೊಟ್ಟೆಯಲ್ಲಿ ಮೂರನೇ ತಿಂಗಳ ಹೊತ್ತಿಗೆ ಇವು ಮೂಡಲು ಶುರುವಾಗುತ್ತವೆ, ಆರು ತಿಂಗಳೊಳಗೆ ಮುಗಿಯುತ್ತವೆ. ಒಂದೇ ತರ ಇರುವ ಅವಳಿಗಳಿಗೂ ಬೆರಳಿನ ಗೆರೆ ಬೇರೆ ಬೇರೆ.

ಎಪಿಡರ್ಮಿಸ್‌ನ ತಳದ ಸಾಲಿನಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತಲೇ ಇರುತ್ತವೆ. ಹುಟ್ಟಿದ್ದು ಮೇಲಕ್ಕೆ ಸರಿಯುತ್ತದೆ. ಸರಿಯುತ್ತಾ ಹೊಟ್ಟೆ ತುಂಬ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿಕೊಂಡು, ಚಪ್ಪಟೆಯಾಗಿ, ಕೊನೆಗೆ ಸತ್ತು ಗಟ್ಟಿ ಹೊದಿಕೆಯಾಗುತ್ತದೆ. ನಾವು ಮುಟ್ಟಿ ನೋಡುವ ಚರ್ಮ ಪೂರ್ತಿ ಸತ್ತ ಕೋಶಗಳದ್ದೇ. ನಮ್ಮನ್ನು ಕಾಯುವುದೂ ಅದೇ, ಒಳಗಿನ ನೀರು ಆರದಂತೆ, ಹೊರಗಿನ ರೋಗಾಣು ಒಳಗೆ ಬರದಂತೆ. ತಳದಿಂದ ಹೊರಟ ಕೋಶ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು. ವಯಸ್ಸಾದವರಲ್ಲಿ ಇನ್ನೂ ಜಾಸ್ತಿ ದಿನ.

ಚಕ್ಕುಲಿ ಒತ್ತುವಾಗ ಎಳೆಯ ಮೇಲಿನ ಮುಳ್ಳುಗೆರೆ ಇರುವುದು ಒರಳಿನ ಬಿಲ್ಲೆಯಲ್ಲಿ, ಹಿಟ್ಟಿನಲ್ಲಲ್ಲ ಅಲ್ವಾ? ಹೊರಗೆ ಬಂದ ಎಳೆಯನ್ನು ಸವರಿ ನುಣ್ಣಗೆ ಮಾಡಿದರೂ ಮುಂದಿನ ಎಳೆ ಮತ್ತೆ ಅದೇ ಗೆರೆ ಹೊತ್ತು ಬರುತ್ತದೆ. ಅಮ್ಮನ ಬೆರಳಲ್ಲಿ ಸವೆದಿರುವುದು ಹೊರಗೆ ಬಂದ ಎಳೆ ಮಾತ್ರ. ಸುಲಿಯುವ ಕೆಲಸ ನಿಂತು ಒಂದೆರಡು ತಿಂಗಳಾದರೆ ಗೆರೆ ತಾನಾಗಿಯೇ ಏಳುತ್ತದೆ.

ಒಂದು ಮಾತು ಮುಚ್ಚಿಡಬಾರದು. ವಯಸ್ಸಾದಂತೆ ಆ ಮೊನೆಗಳೇ ತಗ್ಗುತ್ತವೆ, ಎರಡು ಪದರಗಳ ಹಿಡಿತ ಸಡಿಲವಾಗುತ್ತದೆ, ಚರ್ಮ ಒಣಗುತ್ತದೆ. ಹಾಗಾಗಿ ಇಪ್ಪತ್ತರ ಹುಡುಗಿಯ ಬೆರಳಿನಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಆದರೆ ವಿನ್ಯಾಸ ಅದೇ ಇರುತ್ತದೆ.

ಬಿಸಿ ಪಾತ್ರೆ ವಿಷಯ. ಅಂಗೈಯ ಸತ್ತ ಪದರ ಮೊದಲೇ ದಪ್ಪ. ದಿನಾ ಉಜ್ಜಿ ಒತ್ತಿದರೆ ಮೈ ಅದನ್ನು ಇನ್ನೂ ದಪ್ಪ ಮಾಡುತ್ತದೆ. ಆ ಪದರದಲ್ಲಿ ನರ ಇಲ್ಲ. ಕಣ್ಣಿನ ರೆಪ್ಪೆಯ ಎಪಿಡರ್ಮಿಸ್ 0.05 ಮಿಲಿಮೀಟರ್ ಇದ್ದರೆ ಅಂಗೈ, ಅಂಗಾಲಿನದು ಒಂದೂವರೆ ಮಿಲಿಮೀಟರ್ ತನಕ ಇರುತ್ತದೆ. ಹಾಗಾಗಿ ಬಿಸಿ ತಡವಾಗಿ ತಾಗುವುದು ಸಹಜ. ಆದರೆ ಇಷ್ಟಕ್ಕೇ ಬಿಡಬೇಡಿ. ಅಮ್ಮ ಕಣ್ಣು ಮುಚ್ಚಿಕೊಳ್ಳಲಿ, ನೀವು ಹತ್ತಿಯ ಎಳೆಯಿಂದ ಮುಂಗೈ, ಕೈಯ ಹಿಂಬದಿ, ಪಾದ ಮುಟ್ಟಿ ನೋಡಿ. ಎಲ್ಲಿ ಮುಟ್ಟಿದ್ದು ಎಂದು ಅವರು ಹೇಳಬೇಕು. ಅಲ್ಲೂ ಗೊತ್ತಾಗದಿದ್ದರೆ ಅದು ಕೆಲಸದ ಕೈ ಅಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯಲ್ಲಿ ಸ್ಪರ್ಶ ಹೋಗುವುದು ಸಾಮಾನ್ಯವಾಗಿ ಪಾದದಿಂದ ಶುರು. ಮೈಮೇಲೆ ಎಲ್ಲಾದರೂ ತಿಳಿ ಬಣ್ಣದ ಮಚ್ಚೆ ಇದ್ದು ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಡಮಾಡದೆ ಹೋಗಿ. ಕುಷ್ಠವಾಗಿದ್ದರೆ ಔಷಧ ಉಚಿತ, ಪೂರ್ತಿ ಗುಣವಾಗುತ್ತದೆ. ಹೆದರಿ ಮುಚ್ಚಿಟ್ಟು ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಬ್ಲೀಚಿಂಗ್ ಪೌಡರ್ ಇವತ್ತೇ ನಿಲ್ಲಿಸಿ. ಆರೋಗ್ಯವಾದ ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು, ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 5 (7ಕ್ಕಿಂತ ಕಡಿಮೆ ಎಂದರೆ ಹುಳಿ). ಬ್ಲೀಚ್ ಅದಕ್ಕೆ ಪೂರ್ತಿ ವಿರುದ್ಧ, ಕ್ಷಾರ. ಸತ್ತ ಕೋಶಗಳ ನಡುವೆ ಇರುವ ಜಿಡ್ಡನ್ನು ಅದು ತೆಗೆದುಬಿಡುತ್ತದೆ. ಆಮೇಲೆ ಕೈ ಒಡೆಯುತ್ತದೆ, ಉರಿಯುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಗುಳ್ಳೆ ಏಳಬಹುದು, ಕಪ್ಪು ಕಲೆ ಬೇರೆ ಉಳಿಯುತ್ತದೆ.

ಗಾರೆ ಮೇಸ್ತ್ರಿ:

ಟೀಚರಮ್ಮ ಹೇಳಿದ್ದು ನಿಜ. ನಮ್ಮ ಹುಡುಗರದ್ದೂ ಇದೇ ಕಥೆ. ಸಿಮೆಂಟ್ ಕಲಸಿ ಕಲಸಿ ಬೆರಳು ನುಣ್ಣಗೆ. ಬ್ಯಾಂಕಿಗೆ ಹೋದರೆ ತಂಬ್ ಹಿಡಿಯುವುದಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ಹದಿನೈದು ದಿನ, ತಿಂಗಳು ಇದ್ದು ಬಂದರೆ ಅದೇ ಬೆರಳು ಹಿಡಿಯುತ್ತೆ. ಹಾಗಾಗಿ ಬ್ಯಾಂಕಿನ ಕೆಲಸ ಇದ್ದರೆ ಊರಿಂದ ಬಂದ ಕೂಡಲೇ ಮುಗಿಸಿಕೊಳ್ಳಿ ಅಂತ ಹೇಳ್ತೀನಿ.

ಹಸಿ ಸಿಮೆಂಟು ಸುಣ್ಣದ ಹಾಗೇ ಕ್ಷಾರ. ಹಚ್ಚಿದಾಗ ಏನೂ ಅನ್ನಿಸಲ್ಲ, ಸಂಜೆ ನೋಡಿದರೆ ಬೆರಳ ಸಂದಿಯಲ್ಲಿ ತೂತು. ಗ್ಲೌಸ್ ಕೊಟ್ಟರೆ ಕರಣೆ ಜಾರುತ್ತೆ ಅಂತಾರೆ, ಆದರೂ ಬಿಡದೆ ಹಾಕಿಸ್ತೀನಿ. ಗ್ಲೌಸ್ ಒಳಗೆ ಸಿಮೆಂಟ್ ನೀರು ಹೋದರೆ ಮಾತ್ರ ತಕ್ಷಣ ತೆಗೆದು ತೊಳೀಬೇಕು, ಇಲ್ಲಾಂದ್ರೆ ಇನ್ನೂ ಕಷ್ಟ.

ಯಂತ್ರದ ಮುಂದೆ ಊದುವುದು ಕೆಟ್ಟ ಉಪಾಯ ಅಲ್ಲ. ಒಣಗಿದ ಬೆರಳನ್ನು ಯಂತ್ರ ಹಿಡಿಯಲ್ಲ. ಕೈ ತೊಳೆದು, ಒರೆಸಿ, ಒಂಚೂರು ವ್ಯಾಸಲೀನ್ ಸವರಿ, ಮತ್ತೆ ಒರೆಸಿ ಒತ್ತಿಸಿ. ಎಡಗೈಯ ಉಂಗುರ ಬೆರಳು, ಕಿರುಬೆರಳು ನೋಡಿ. ಕೆಲಸದಲ್ಲಿ ಅವು ಸವೆಯುವುದು ಕಡಿಮೆ.

ಬೆರಳಚ್ಚು ವಿಭಾಗ:

ನಾನು ಪೊಲೀಸ್ ಬೆರಳಚ್ಚು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಟೀಚರ್ ಹೇಳಿದ ಮಾತಿಗೆ ನಮ್ಮ ಕಡೆಯ ಒಂದು ಸಾಕ್ಷಿ. 1934ರಲ್ಲಿ ಅಮೆರಿಕದಲ್ಲಿ ಜಾನ್ ಡಿಲಿಂಜರ್ ಎಂಬ ಬ್ಯಾಂಕ್ ದರೋಡೆಕೋರ ಬೆರಳ ತುದಿಯನ್ನು ಆಸಿಡ್ ಹಾಕಿ ಸುಡಿಸಿಕೊಂಡಿದ್ದ. ಅದೇ ವರ್ಷ ಅಲ್ಲಿನ ಕೇಂದ್ರ ತನಿಖಾ ದಳದವರ ಗುಂಡಿಗೆ ಸತ್ತ. ಆಮೇಲೆ ಬೆರಳಚ್ಚು ತೆಗೆದರೆ ಉಳಿದ ಗೆರೆಗಳಲ್ಲೇ ಅವನ ಗುರುತು ಸಿಕ್ಕಿತು. ಡರ್ಮಿಸ್ ತನಕ ಆಳವಾಗಿ ಗಾಯವಾದರೆ ಅಲ್ಲಿ ಗೆರೆ ಬರುವುದಿಲ್ಲ, ನಿಜ. ಆದರೆ ಆ ಗಾಯದ ಕಲೆಯೇ ಹೊಸ ಗುರುತಾಗುತ್ತದೆ.

ಅಂಗೈಯಲ್ಲಿ ಕೂದಲಿಲ್ಲ, ಎಣ್ಣೆ ಗ್ರಂಥಿ ಇಲ್ಲ. ಬೆವರ ಗ್ರಂಥಿ ಮಾತ್ರ ತುಂಬಾ ಇವೆ. ಅವುಗಳ ಬಾಯಿ ತೆರೆದಿರುವುದು ಉಬ್ಬುಗೆರೆಯ ನೆತ್ತಿಯಲ್ಲೇ. ನಾವು ಮುಟ್ಟಿದಲ್ಲೆಲ್ಲ ಗೆರೆಯ ಆಕಾರದಲ್ಲಿ ಬೆವರು ಉಳಿಯುವುದು ಇದರಿಂದ. ಗಾಜಿನ ಮೇಲೆ ಕಾಣುವ ಜಿಡ್ಡು ಮುಖ, ತಲೆ ಮುಟ್ಟಿಕೊಂಡಾಗ ಕೈಗೆ ಹತ್ತಿದ್ದು. ಕಾಗದದ ಮೇಲಿನ ಹಳೆಯ ಅಚ್ಚನ್ನು ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಹಚ್ಚಿ ನೇರಳೆ ಬಣ್ಣದಲ್ಲಿ ಎಬ್ಬಿಸುತ್ತೇವೆ. ಅದು ಬೆವರಿನಲ್ಲಿರುವ ಅಮೈನೋ ಆಮ್ಲದ ಜೊತೆ ಸೇರಿ ಬಣ್ಣ ಕೊಡುತ್ತದೆ.

ಈ ವಿದ್ಯೆಗೆ ನಮ್ಮ ದೇಶದ್ದೇ ದೊಡ್ಡ ಪಾಲಿದೆ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಅಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ಆಗ ಬಂಗಾಳದ ಪೊಲೀಸ್ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಹೆಸರಿದೆ, ಲೆಕ್ಕ ಹಾಕಿ ಅದನ್ನು ಕಟ್ಟಿಕೊಟ್ಟವರಲ್ಲಿ ಅವನ ಕೈಕೆಳಗಿದ್ದ ಭಾರತೀಯ ಅಧಿಕಾರಿಗಳಾದ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಮುಖ್ಯರು. ಅವರ ಹೆಸರನ್ನು ಸಿಕ್ಕಲ್ಲೆಲ್ಲ ಹೇಳಬೇಕು ಎನ್ನುವುದು ನನ್ನ ಆಸೆ.

ತೋಟದಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್ ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಚಕ್ಕುಲಿ ಬಿಲ್ಲೆಯ ಮಾತು ಕೇಳಿ "ಹಾಗಾದ್ರೆ ಸರಿ" ಅಂದರು, ಮುಖ ಸ್ವಲ್ಪ ಅರಳಿತು.

ಹತ್ತಿ ಮುಟ್ಟಿಸಿ ನೋಡಿದೆ. ಕೈ, ಪಾದ ಎಲ್ಲ ಕಡೆ ಸರಿಯಾಗಿ ಹೇಳಿದರು. ಬೆರಳ ತುದಿಯಲ್ಲಿ ಮಾತ್ರ ಒತ್ತಿದರೆ ಗೊತ್ತಾಗುತ್ತೆ. ಸಕ್ಕರೆ ಪರೀಕ್ಷೆಗೂ ಕೊಟ್ಟಿದ್ದೇವೆ. ಮೇಸ್ತ್ರಿ ಅಣ್ಣ ಹೇಳಿದ ಹಾಗೆ ಎಡಗೈ ಉಂಗುರ ಬೆರಳನ್ನು ಪೇಟೆಯ ಬ್ಯಾಂಕಿನ ಯಂತ್ರದಲ್ಲಿ ಒತ್ತಿಸಿದೆ, ಹಿಡಿಯಿತು.

ಟೀಚರ್, ಇನ್ನೊಂದು ಕೇಳಲಾ? ಬ್ಲೀಚ್ ಬಿಟ್ಟರೆ ಈ ಕಪ್ಪು ಹೇಗೆ ಹೋಗುತ್ತೆ? ಫೆಬ್ರವರಿಯಲ್ಲಿ ತಂಗಿ ಮದುವೆ ಇದೆ, ಅಮ್ಮನಿಗೆ ಕೈಯದ್ದೇ ಚಿಂತೆ. ಆಧಾರ್‌ನಲ್ಲಿ ಬೆರಳು ಹೊಸದಾಗಿ ಕೊಡಿಸುವುದಾದರೆ ಯಾವಾಗ ಕೊಡಿಸಲಿ?

ನರ್ಸಿಂಗ್ ಟೀಚರ್:

ಅಡಿಕೆ ಸಿಪ್ಪೆಯ ರಸದಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಇದೆ. ಅದು ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಹಿಂದೆ ತೊಗಲು ಹದ ಮಾಡಲು ತಂಗಡಿ ತೊಗಟೆ ಹಾಕುತ್ತಿದ್ದದ್ದೂ ಈ ಗುಣಕ್ಕೇ. ಅಮ್ಮನ ಬೆರಳಲ್ಲಿ ಅದು ಸತ್ತ ಪದರದ ಕೆರಾಟಿನ್ ಹಿಡಿದಿದೆ, ಸೋಪಿಗೆ ಬಿಡುವುದಿಲ್ಲ. ಆ ಪದರ ಉದುರುವಾಗ ಅದರ ಜೊತೆಗೇ ಕಪ್ಪೂ ಹೋಗುತ್ತದೆ. ಬೇರೆ ದಾರಿ ಹುಡುಕಿ ಕೈ ಕೆಡಿಸಿಕೊಳ್ಳುವುದು ಬೇಡ.

ರಾತ್ರಿ ಮಲಗುವ ಮುಂಚೆ ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಕೈ ಇಡಲಿ. ಮೆತ್ತಗೆ ಒರೆಸಿ, ಇನ್ನೂ ಪಸೆ ಇರುವಾಗಲೇ ವ್ಯಾಸಲೀನ್ ಹಚ್ಚಿ. ಅಂಗೈಗೆ ತನ್ನದೇ ಎಣ್ಣೆ ಇಲ್ಲ, ಹೊರಗಿನಿಂದಲೇ ಕೊಡಬೇಕು. ಮೆಡಿಕಲ್ ಶಾಪಿನಲ್ಲಿ ಯೂರಿಯಾ ಇರುವ ಕ್ರೀಮು ಸಿಗುತ್ತದೆ. ಒಡೆದ ಜಾಗ, ಗಾಯ ಇಲ್ಲದಿದ್ದರೆ ಅದನ್ನೂ ಹಚ್ಚಬಹುದು. ಗಟ್ಟಿ ಪದರ ಮೆದುವಾಗಿ ಬೇಗ ಬಿಡುತ್ತದೆ. ಮದುವೆಯ ಹೊತ್ತಿಗೆ ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ. ಈಗಲೇ ಸುಲಿಯುವುದು ನಿಲ್ಲಿಸಿದರೆ ಸಾಕಷ್ಟು ತಿಳಿಯಾಗುತ್ತದೆ. ಉಳಿದ ಅಡಿಕೆಯನ್ನು ಈ ವರ್ಷ ಮನೆಯ ಗಂಡಸರು ಸುಲಿಯಲಿ, ನೀವೂ ಕೂತುಕೊಳ್ಳಿ.

ಆಧಾರ್‌ಗೆ ಬೆರಳು ಕೊಡುವುದು ಏಪ್ರಿಲ್, ಮೇ ಹೊತ್ತಿಗೆ ಇರಲಿ. ಅಷ್ಟರಲ್ಲಿ ಹೊಸ ಪದರ ಬಂದಿರುತ್ತದೆ. ಅಲ್ಲಿ ಹತ್ತೂ ಬೆರಳಿನ ಜೊತೆ ಎರಡೂ ಕಣ್ಣಿನ ಪಾಪೆಯ ಚಿತ್ರವನ್ನೂ ತೆಗೆದುಕೊಳ್ಳುತ್ತಾರೆ. ಮೊಬೈಲ್ ನಂಬರ್ ಸರಿಯಿದೆಯಾ ಅಂತಲೂ ಅವತ್ತೇ ನೋಡಿಸಿ. ಸಕ್ಕರೆ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.