ಸ್ವೇಯಾ 123ಆರ್ ಸ್ಟವ್: ಮೊದಲು ಚೆನ್ನಾಗಿ ಉರಿದು ಆಮೇಲೆ ಸೊರಗುತ್ತದೆ, ಜೆಟ್ ಬದಲಾಯಿಸಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆಯ ಸ್ವೇಯಾ 123ಆರ್ ಒಂದು ಸಿಕ್ಕಿದೆ. ಚಾರಣಕ್ಕೆ ಇದನ್ನೇ ಹೊತ್ತೊಯ್ಯಬೇಕು ಅಂತ ತುಂಬಾ ಆಸೆ. ಇಂಧನ ವೈಟ್ ಗ್ಯಾಸ್, ಅಂದರೆ ಸ್ಟವ್‌ಗಳಿಗೆಂದೇ ಶುದ್ಧ ಮಾಡಿದ ಪೆಟ್ರೋಲ್‌ನಂಥ ದ್ರವ. ಹಚ್ಚಿದ ಮೇಲೆ ನಾಲ್ಕೈದು ನಿಮಿಷ ನೀಲಿ ಉರಿ, ಜೋರು ಸದ್ದು, ಎಲ್ಲ ಸರಿ ಇರುತ್ತದೆ. ಆಮೇಲೆ ಸದ್ದು ಕುಗ್ಗುತ್ತದೆ, ಉರಿಯ ತುದಿ ಹಳದಿಗೆ ತಿರುಗುತ್ತದೆ, ಪಾತ್ರೆಯ ತಳಕ್ಕೆ ಮಸಿ ಹತ್ತುತ್ತದೆ. ಉರಿ ಹೆಚ್ಚು ಕಡಿಮೆ ಮಾಡುವ ಕೀಲಿಯನ್ನು ಪೂರ್ತಿ ತಿರುಗಿಸಿ ಒಳಗಿನ ಪಿನ್‌ನಿಂದ ಜೆಟ್ (ಇಂಧನದ ಆವಿ ಹೊರಬರುವ ಸಣ್ಣ ತೂತು) ಚುಚ್ಚಿದರೂ ಅಷ್ಟೇ. ಒಂದು ಲೀಟರ್ ನೀರು ಕುದಿಯುವ ಮೊದಲೇ ಸ್ಟವ್ ಸುಸ್ತು. ಹೊಸ ಜೆಟ್ ತರಿಸಲೇ?

ಉತ್ತರ

ಈಗಲೇ ಬೇಡ. ಜೆಟ್ ಕಟ್ಟಿಕೊಂಡಿದ್ದರೆ ಉರಿ ಮೊದಲಿನಿಂದಲೇ ಸಣ್ಣಗಿರುತ್ತಿತ್ತು. ನಿಮ್ಮದು ಚೆನ್ನಾಗಿ ಶುರುವಾಗಿ ಆಮೇಲೆ ಇಳಿಯುತ್ತಿದೆ, ಅಂದರೆ ಒತ್ತಡ ನಿಲ್ಲುತ್ತಿಲ್ಲ.

ಈ ಸ್ಟವ್‌ಗೆ ಪಂಪ್ ಇಲ್ಲ ಅನ್ನುವುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ. 1955ರಲ್ಲಿ ಮೂಲ ಸ್ವೇಯಾ 123 ಬಂದಾಗಿನಿಂದ ಇದರ ಕೆಲಸದ ರೀತಿ ಅದೇ. ಬರ್ನರ್‌ನ ಶಾಖ ಹಿತ್ತಾಳೆಯ ಕಂಬದ ಮೂಲಕ ಕೆಳಗಿಳಿದು ಟ್ಯಾಂಕನ್ನು ಬೆಚ್ಚಗೆ ಮಾಡುತ್ತದೆ. ಆ ಬಿಸಿಗೆ ಒಳಗಿನ ಇಂಧನ ಆವಿಯಾಗಿ ಒತ್ತಡ ಹುಟ್ಟುತ್ತದೆ, ಆ ಒತ್ತಡ ಬತ್ತಿಯ ಮೂಲಕ ಇಂಧನವನ್ನು ಮೇಲಕ್ಕೆ ತಳ್ಳುತ್ತದೆ. ಸ್ಟವ್ ತನ್ನ ಬೆಂಕಿಯಿಂದಲೇ ತನ್ನನ್ನು ನಡೆಸಿಕೊಳ್ಳುತ್ತದೆ. ಹಾಗಾಗಿ ಶಾಖ ಎಲ್ಲಿ ಹೋಗುತ್ತಿದೆ, ಆವಿ ಎಲ್ಲಿ ಸೋರುತ್ತಿದೆ, ಈ ಎರಡನ್ನು ನೋಡದೆ ಸ್ಪ್ಯಾನರ್ ಹಿಡಿಯಬೇಡಿ.

ಕೆಲವು ವಿವರ ಬೇಕು. ಇಂಧನ ಎಷ್ಟು ತುಂಬಿಸುತ್ತೀರಿ? ಸ್ಟವ್ ಇಡುವುದು ಯಾವುದರ ಮೇಲೆ? ಮೊದಲು ಹೇಗೆ ಕಾಯಿಸುತ್ತೀರಿ?

ಪ್ರಶ್ನೆ ಕೇಳಿದವರು

ಟ್ಯಾಂಕಿನ ಮುಕ್ಕಾಲು ಭಾಗ ತುಂಬಿಸುತ್ತೇನೆ. ಕಂಬದ ಬುಡದ ಕುಳಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಹಚ್ಚಿ, ಅದು ಆರುವ ಹೊತ್ತಿಗೆ ಕೀಲಿ ತೆರೆಯುತ್ತೇನೆ. ಇಡುವುದು ಬಂಡೆಯ ಮೇಲೆ. ಬೆಳಗಿನ ಹೊತ್ತು ಬಂಡೆ ಚೆನ್ನಾಗಿ ತಣ್ಣಗಿರುತ್ತದೆ.

ಉತ್ತರ

ತುಂಬಿಸುವುದೂ ಕಾಯಿಸುವುದೂ ಸರಿಯಾಗಿಯೇ ಇದೆ. ಮುಕ್ಕಾಲಿಗಿಂತ ಹೆಚ್ಚು ಹಾಕಿದರೆ ಆವಿಗೆ ಜಾಗವಿಲ್ಲದೆ ಹಸಿ ಇಂಧನವೇ ಜೆಟ್‌ನಿಂದ ಉಕ್ಕುತ್ತದೆ, ನಿಮ್ಮಲ್ಲಿ ಹಾಗಾಗುತ್ತಿಲ್ಲ.

ತಣ್ಣನೆಯ ಬಂಡೆ ಟ್ಯಾಂಕಿನ ಶಾಖವನ್ನು ಹೀರುತ್ತದೆ, ಹಿಮದ ಮೇಲಂತೂ ಕೇಳುವುದೇ ಬೇಡ. ಮಲಗುವ ಫೋಮ್ ಮ್ಯಾಟ್‌ನ ಅಂಗೈಯಗಲದ ತುಂಡಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಅಡಿಗೆ ಇಡಿ.

ಆದರೆ ಬೇಸಿಗೆಯಲ್ಲೂ ಹೀಗೇ ಆಗುತ್ತಿದ್ದರೆ ನನ್ನ ಅನುಮಾನ ಟ್ಯಾಂಕಿನ ಮುಚ್ಚಳದ ಮೇಲೆ. ಹೀಗೆ ಪರೀಕ್ಷಿಸಿ. ಸ್ಟವ್ ಪೂರ್ತಿ ತಣ್ಣಗಿರಲಿ, ಹತ್ತಿರದಲ್ಲಿ ಎಲ್ಲೂ ಬೆಂಕಿ ಇರಬಾರದು. ಟ್ಯಾಂಕಿನಲ್ಲಿ ಸ್ವಲ್ಪ ಇಂಧನ ಬಿಟ್ಟು ಕೀಲಿ ಮುಚ್ಚಿ. ಅಗಲವಾದ ಪಾತ್ರೆಯಲ್ಲಿ ಸ್ನಾನಕ್ಕಾಗುವಷ್ಟು ಬೆಚ್ಚಗಿನ ನೀರು ತೆಗೆದುಕೊಂಡು, ಮುಚ್ಚಳ ಮುಳುಗುವ ತನಕ ಟ್ಯಾಂಕನ್ನು ಇಳಿಸಿ. ಬರ್ನರ್ ನೀರಿನ ಮೇಲೇ ಇರಲಿ. ಒಂದೆರಡು ನಿಮಿಷ ಕಣ್ಣಿಟ್ಟು ನೋಡಿ. ಮುಚ್ಚಳದ ಅಂಚಿನ ಸುತ್ತ ಗುಳ್ಳೆ ಎದ್ದರೆ ವಾಷರ್ ಹೋಗಿದೆ. ಮುಚ್ಚಳದ ನಡುವಿನ ಸಣ್ಣ ತೂತಿನಿಂದ ಎದ್ದರೆ ಒಳಗಿನ ಸೇಫ್ಟಿ ವಾಲ್ವ್‌ನ (ಒತ್ತಡ ಮಿತಿಮೀರಿದಾಗ ತಾನೇ ತೆರೆದುಕೊಳ್ಳುವ ಕವಾಟ) ರಬ್ಬರ್ ಗಟ್ಟಿಯಾಗಿದೆ. ಎರಡಕ್ಕೂ ಔಷಧ ಬೇರೆ ಬೇರೆ, ಅದಕ್ಕೇ ಗುಳ್ಳೆ ಎಲ್ಲಿಂದ ಅನ್ನುವುದನ್ನು ಸರಿಯಾಗಿ ಗುರುತಿಸಿಕೊಳ್ಳಿ.

ಇನ್ನೊಬ್ಬರು

ಮೇಲೆ ಹೇಳಿದ್ದನ್ನು ಮಾಡುವ ಮೊದಲೇ ಇನ್ನೊಂದು ಮಾತು. ಉರಿ ಸೊರಗಿತು ಅಂತ ಸ್ಟವ್ ಸುತ್ತ ಗಾಳಿತಡೆಯನ್ನು ಬಿಗಿಯಾಗಿ ಸುತ್ತುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಈ ಸ್ಟವ್‌ನಲ್ಲಿ ಟ್ಯಾಂಕ್ ಬರ್ನರ್ ಅಡಿಯಲ್ಲೇ ಇದೆ. ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ ಒತ್ತಡ ಏರಿ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ, ಹೊರಬಂದ ಆವಿಗೆ ಕಿಡಿ ತಗುಲಿ ಪಕ್ಕಕ್ಕೆ ಉದ್ದನೆಯ ಬೆಂಕಿ ಚಿಮ್ಮುತ್ತದೆ. ಅಗಲವಾದ ಪಾತ್ರೆ ಟ್ಯಾಂಕಿನ ಮೇಲೆ ಶಾಖ ಬಡಿಯುವಂತೆ ಮಾಡುತ್ತದೆ, ಅದಕ್ಕೂ ಹುಷಾರು. ಮುಚ್ಚಳದ ಬಾಯಿ ಯಾರ ಮುಖದ ಕಡೆಗೂ ತಿರುಗಿರದಂತೆ ಸ್ಟವ್ ಇಡುವುದು ಈ ಕಾರಣಕ್ಕೇ. ಆಗಾಗ ಟ್ಯಾಂಕ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಆರಿಸಿ. ಟೆಂಟಿನೊಳಗೆ ಹಚ್ಚುವ ಯೋಚನೆಯೇ ಬೇಡ, ಬೆಂಕಿಯ ಭಯದ ಜೊತೆಗೆ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಇದೆ.

ಪ್ರಶ್ನೆ ಕೇಳಿದವರು

ಪರೀಕ್ಷೆ ಮಾಡಿದೆ. ಮುಚ್ಚಳದ ಅಂಚಿನಲ್ಲಿ ಒಂದೇ ಕಡೆಯಿಂದ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ನಡುವಿನ ತೂತಿನಿಂದ ಏನೂ ಇಲ್ಲ. ಮುಚ್ಚಳ ಬಿಚ್ಚಿ ನೋಡಿದರೆ ವಾಷರ್ ಕಲ್ಲಿನಂತೆ ಗಟ್ಟಿ, ಉಗುರು ಒತ್ತಿದರೆ ಗುರುತೂ ಬೀಳುವುದಿಲ್ಲ, ಅಂಚಿನಲ್ಲಿ ಕೂದಲೆಳೆಯ ಬಿರುಕು. ಮನೆಯಲ್ಲಿರುವ ನಲ್ಲಿ ವಾಷರ್ ಕತ್ತರಿಸಿ ಹಾಕಬಹುದೇ?

ಉತ್ತರ

ಬೇಡ. ಪೆಟ್ರೋಲಿಯಂ ತಾಗಿದರೆ ಸಾಮಾನ್ಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಇವತ್ತು ಸೋರದಿದ್ದರೂ ನಡುದಾರಿಯಲ್ಲಿ ಕೈಕೊಡುತ್ತದೆ. ಇಂಧನ ತಡೆಯುವ ಕೃತಕ ರಬ್ಬರ್‌ಗಳಾದ ವಿಟಾನ್ ಅಥವಾ ನೈಟ್ರೈಲ್‌ನ ವಾಷರ್ ಹಾಕಿ. ನನ್ನ ಆಯ್ಕೆ ವಿಟಾನ್, ಬಿಸಿಯನ್ನೂ ಇಂಧನವನ್ನೂ ಚೆನ್ನಾಗಿ ತಡೆಯುತ್ತದೆ. ಹಳೆಯದನ್ನು ಮರದ ಕಡ್ಡಿಯಿಂದ ಎಬ್ಬಿಸಿ, ಲೋಹದ ಮೊನೆ ಹಿತ್ತಾಳೆಯ ಅಂಚಿಗೆ ಗೀರು ಹಾಕಿದರೆ ಹೊಸ ವಾಷರ್ ಕೂಡ ಕೂರುವುದಿಲ್ಲ. ಕೈಯಿಂದ ಬಿಗಿಯಾಗುವಷ್ಟು ತಿರುಗಿಸಿದರೆ ಸಾಕು.

ಸೇಫ್ಟಿ ವಾಲ್ವ್ ಈಗ ಸೋರದಿದ್ದರೂ ವಾಷರ್ ಅಷ್ಟು ಗಟ್ಟಿಯಾಗಿದೆ ಅಂದರೆ ಅದರ ರಬ್ಬರ್ ಕೂಡ ಅದೇ ವಯಸ್ಸಿನದ್ದಿರಬಹುದು. ಗಟ್ಟಿಯಾದ ರಬ್ಬರ್ ಅಂಟಿಕೊಂಡು, ಬೇಕಾದಾಗ ತೆರೆಯದೇ ಇರುವ ಅಪಾಯವಿದೆ. ವಾಲ್ವ್ ಸಮೇತ ಮುಚ್ಚಳವನ್ನೇ ಬದಲಾಯಿಸುವುದು ನನಗೆ ಸರಿ ಅನಿಸುತ್ತದೆ.

ಪ್ರಶ್ನೆ ಕೇಳಿದವರು

ಹೊಸ ಮುಚ್ಚಳ ಹಾಕಿದೆ, ಅಡಿಗೆ ಫೋಮ್ ತುಂಡೂ ಇಟ್ಟೆ. ನೀರು ಕುದಿಯುವ ತನಕ ನೀಲಿ ಉರಿ, ಅದೇ ಸದ್ದು, ಮಸಿ ಇಲ್ಲ. ತುಂಬಾ ಖುಷಿಯಾಯಿತು, ಇಬ್ಬರಿಗೂ ಧನ್ಯವಾದ. ಇನ್ನೊಂದೇ ಅನುಮಾನ: ಕೀಲಿ ಕಡ್ಡಿಯ ಬುಡದಲ್ಲಿ ಒಮ್ಮೊಮ್ಮೆ ಚಿಕ್ಕ ಉರಿ ಕಾಣುತ್ತದೆ.

ಉತ್ತರ

ಅದನ್ನು ಬಿಡಬೇಡಿ. ಆರಿಸಿ, ತಣ್ಣಗಾದ ಮೇಲೆ ಆ ಕಡ್ಡಿಯ ಸುತ್ತಲಿನ ನಟ್ಟನ್ನು ಸ್ವಲ್ಪವೇ ಬಿಗಿ ಮಾಡಿ. ಒಳಗಿನ ಗ್ರಾಫೈಟ್ ಪ್ಯಾಕಿಂಗ್ ಒತ್ತಿಕೊಂಡು ಸೋರಿಕೆ ನಿಲ್ಲುತ್ತದೆ. ಕಡ್ಡಿ ತಿರುಗಿಸಲು ಕಷ್ಟವಾಗುವಷ್ಟು ಬಿಗಿ ಬೇಡ. ಅದಕ್ಕೂ ನಿಲ್ಲದಿದ್ದರೆ ಪ್ಯಾಕಿಂಗ್ ಬದಲಾಯಿಸಬೇಕು, ಅಲ್ಲಿಯವರೆಗೆ ಆ ಸ್ಟವ್ ಹಚ್ಚಬೇಡಿ. ಚಾರಣಕ್ಕೆ ಕಟ್ಟುವ ಮೊದಲು ತಣ್ಣಗಿನ ಸ್ಟವ್‌ನ ಮುಚ್ಚಳ ಒಮ್ಮೆ ಸಡಿಲಿಸಿ ಒತ್ತಡ ಬಿಟ್ಟು ಮತ್ತೆ ಬಿಗಿ ಮಾಡಿ. ಟ್ಯಾಂಕ್ ಹಿಡಿಯುವುದು ಸುಮಾರು 120 ಮಿಲಿಲೀಟರ್ ಮಾತ್ರ, ಆದ್ದರಿಂದ ಹೆಚ್ಚಿನ ಇಂಧನಕ್ಕೆ ಬೇರೆ ಲೋಹದ ಬಾಟಲಿ ಬೇಕೇ ಬೇಕು. ಜೊತೆಗೆ ಒಂದು ವಾಷರ್ ಇಟ್ಟುಕೊಳ್ಳಿ.